ಯುವಜನರ ಮೊಬೈಲು, ವರ್ತಕರ ಲೆಕ್ಕ

ದೊಡ್ಡಬಳ್ಳಾಪುರದ ಸೀರೆ ಅಂಗಡಿಯಾಗಲಿ, ಹೊಸಕೋಟೆ ಅಥವಾ ನೆಲಮಂಗಲದ ಬೇಕರಿಯಾಗಲಿ, ಅಲ್ಲಿಗೆ ಬರುವ ತರುಣ ಗ್ರಾಹಕರ ಕೈಯಲ್ಲಿ ಇಂದು ಹಣದ ಚೀಲಕ್ಕಿಂತ ಮೊದಲು ಕಾಣುವುದು ಮೊಬೈಲ್ ಫೋನು. ಅದನ್ನು ಅವರು ಯಾವ ಮನೋಭಾವದಿಂದ ಬಳಸುತ್ತಾರೆ ಎಂಬುದು ನಮ್ಮ ಖಾತೆಪುಸ್ತಕಕ್ಕೂ ತೆರಿಗೆಗೂ ನೇರವಾಗಿ ಸಂಬಂಧಿಸಿದ ವಿಷಯವಾದ್ದರಿಂದ ಇಲ್ಲಿ ವಿವೇಚಿಸಲಾಗಿದೆ.

ದೇಶಕ್ಕೊಂದು ರೂಢಿ

ಉಪಕರಣ ಒಂದೇ ಆದರೂ ಅದರ ಬಳಕೆ ಎಲ್ಲೆಡೆ ಒಂದೇ ರೀತಿಯಲ್ಲಿಲ್ಲ. ಜಪಾನಿನಲ್ಲಿ ಎನ್‌ಟಿಟಿ ಡೊಕೊಮೊ ಸಂಸ್ಥೆಯು 1999ರಲ್ಲಿಯೇ ‘ಐ-ಮೋಡ್’ ಸೇವೆಯ ಮೂಲಕ ಮೊಬೈಲಿಗೆ ಅಂತರಜಾಲವನ್ನು ತಂದಿತು. ರೈಲಿನಲ್ಲಿ ಫೋನಿನಲ್ಲಿ ಮಾತನಾಡುವುದು ಅಲ್ಲಿ ಅಸಭ್ಯವೆನಿಸಿದ್ದರಿಂದ ಯುವಜನರಿಗೆ ಫೋನು ಮಾತಿಗಿಂತ ಹೆಚ್ಚಾಗಿ ಓದುವ, ಬರೆಯುವ ಸಾಧನವಾಯಿತು. ಕೆನ್ಯಾದಲ್ಲಿ 2007ರಲ್ಲಿ ಆರಂಭವಾದ ‘ಎಂ-ಪೆಸಾ’ ಸೇವೆಯಿಂದ, ಬ್ಯಾಂಕ್ ಖಾತೆ ಇಲ್ಲದವರಿಗೂ ಪಟ್ಟಣದಿಂದ ಊರಿಗೆ ಹಣ ಕಳುಹಿಸುವ ಮಾರ್ಗವಾಗಿ ಫೋನು ಒದಗಿತು.

ನಮ್ಮಲ್ಲಿ 2003ಕ್ಕೆ ಮೊದಲು ಒಳಬರುವ ಕರೆಗೂ ಶುಲ್ಕ ತೆರಬೇಕಾಗಿತ್ತು. ಅನಂತರ ಕರೆ ಮಾಡಿದವರು ಮಾತ್ರ ಹಣ ತೆರುವ ಪದ್ಧತಿ ಬಂದಿತು. ‘ಮಿಸ್ಡ್ ಕಾಲ್’ ಒಂದು ಖರ್ಚಿಲ್ಲದ ಸಂಜ್ಞೆಯಾಯಿತು. ಆದುದರಿಂದಲೇ ನಮ್ಮ ತಲೆಮಾರಿನವರು ಫೋನನ್ನು ಖರ್ಚಿನ ಬಾಬ್ತು ಎಂದು ಕಾಣುತ್ತೇವೆ. 2016ರಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ ದರ ಕುಸಿಯಿತು. ಅದೇ ವರ್ಷ ಯುಪಿಐ ಬಂದಿತು. ಆ ಬಳಿಕ ದುಡಿಮೆಗಿಳಿದವರಿಗೆ ಫೋನು ಖರ್ಚಿನ ವಸ್ತುವಲ್ಲ, ಹಣವಿಡುವ ಜೇಬು. ತಲೆಮಾರುಗಳ ಈ ಅಂತರಕ್ಕೆ ಕಾರಣ ಯುವಕರ ದುಂದುಗಾರಿಕೆಯಲ್ಲ. ದರ ಮತ್ತು ಸೌಲಭ್ಯಗಳಲ್ಲಾದ ಬದಲಾವಣೆ.

ನೋಟಿಸಿನ ಪಾಠ

2025ರ ಜುಲೈ ತಿಂಗಳಿನಲ್ಲಿ ರಾಜ್ಯದ ವಾಣಿಜ್ಯ ತೆರಿಗೆಗಳ ಇಲಾಖೆಯು 2021-22ರಿಂದ 2024-25ರವರೆಗಿನ ಯುಪಿಐ ಜಮೆಗಳ ಆಧಾರದ ಮೇಲೆ ಸಣ್ಣ ವರ್ತಕರಿಗೆ ನೋಟಿಸು ನೀಡಿದುದು ಸದಸ್ಯರ ನೆನಪಿನಲ್ಲಿದೆ. ಹಲವರು ಕ್ಯೂಆರ್ ಫಲಕವನ್ನು ತೆಗೆದು ‘ನಗದು ಮಾತ್ರ’ ಎಂದು ಬರೆದು ತೂಗುಹಾಕಿದರು. ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಮುಖ್ಯಮಂತ್ರಿಗಳು ಅದೇ ತಿಂಗಳು ತಿಳಿಸಿದರು.

ಫಲಕ ತೆಗೆಯುವುದರಿಂದ ಎರಡು ನಷ್ಟಗಳಿವೆ. ನೋಟು ಇಟ್ಟುಕೊಳ್ಳದ ತರುಣ ಗ್ರಾಹಕ ಪಕ್ಕದ ಅಂಗಡಿಗೆ ಹೋಗುತ್ತಾನೆ. ಎರಡನೆಯದಾಗಿ, ನೋಂದಣಿಯ ಮಿತಿಯು ನಗದು ಹಾಗೂ ಡಿಜಿಟಲ್ ಎರಡೂ ಸೇರಿದ ಒಟ್ಟು ವಹಿವಾಟಿಗೆ ಅನ್ವಯಿಸುವುದರಿಂದ ಹೊಣೆಯೇನೂ ತಪ್ಪುವುದಿಲ್ಲ. ಸಾಮಾನ್ಯವಾಗಿ ಸರಕಿಗೆ ವಾರ್ಷಿಕ ₹40 ಲಕ್ಷ, ಸೇವೆಗೆ ₹20 ಲಕ್ಷ ಮಿತಿಯಾಗಿದೆ. ದಿನಕ್ಕೆ ಸರಾಸರಿ ₹11,000 ವ್ಯಾಪಾರವಾದರೆ ವರ್ಷಕ್ಕೆ ₹40 ಲಕ್ಷ ದಾಟುತ್ತದೆ.

ಇನ್ನೊಂದು ತೊಡಕು ಮನೆಯೊಳಗಿನದು. ಯುವಕರಿಗೆ ಫೋನು ಸಂಪೂರ್ಣ ಖಾಸಗಿ ವಸ್ತು. ಅಂಗಡಿಯ ಕ್ಯೂಆರ್ ಮಗನ ಸ್ವಂತ ಖಾತೆಗೆ ಜೋಡಣೆಯಾಗಿದ್ದರೆ, ಗೆಳೆಯರು ಹಿಂದಿರುಗಿಸಿದ ಕೈಸಾಲ, ಚೀಟಿಯ ಹಣ, ವ್ಯಾಪಾರದ ಹಣ ಎಲ್ಲವೂ ಒಂದೇ ಖಾತೆಗೆ ಬಂದು, ಅಷ್ಟೂ ವಹಿವಾಟಿನಂತೆಯೇ ತೋರುತ್ತದೆ. ಅಲ್ಲವೆಂದು ದಾಖಲೆ ಸಹಿತ ತೋರಿಸುವ ಹೊರೆ ವರ್ತಕರ ಮೇಲೆ ಬೀಳುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ವ್ಯಾಪಾರಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತ್ಯೇಕ ಮೊಬೈಲ್ ಸಂಖ್ಯೆ ಇರಲಿ. ಮಕ್ಕಳ ಖಾಸಗಿ ಫೋನನ್ನು ಗಲ್ಲಾಪೆಟ್ಟಿಗೆಯಾಗಿಸುವುದು ಬೇಡ.

2. ಹಾಲು, ತಾಜಾ ತರಕಾರಿಯಂತಹ ತೆರಿಗೆರಹಿತ ಸರಕುಗಳನ್ನು ಮಾತ್ರ ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ. ಜೊತೆಗೆ ತೆರಿಗೆಯುಳ್ಳ ಸರಕನ್ನೂ ಮಾರಿದರೆ ಎರಡರ ಮೊತ್ತವೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಎರಡರ ಖರೀದಿ ಬಿಲ್ಲುಗಳನ್ನೂ ಬೇರೆ ಬೇರೆಯಾಗಿ ಕಾಪಾಡಿರಿ.

3. ಅರ್ಹ ವರ್ತಕರು ₹1.5 ಕೋಟಿ ವಹಿವಾಟಿನವರೆಗೆ ಶೇ. 1ರ ರಾಜಿ ತೆರಿಗೆ ಪದ್ಧತಿಯನ್ನು ಆರಿಸಿಕೊಳ್ಳಬಹುದು. ಆಗ ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ; ಹೂಡುವಳಿ ತೆರಿಗೆಯ ಜಮೆಯೂ ದೊರೆಯುವುದಿಲ್ಲ.

4. ಆದಾಯ ತೆರಿಗೆಯ ಅಂದಾಜು ಲಾಭ ಯೋಜನೆಯಲ್ಲಿ ನಗದು ಮಾರಾಟಕ್ಕೆ ಕನಿಷ್ಠ ಶೇ. 8 ಲಾಭ ತೋರಿಸಬೇಕು. ಡಿಜಿಟಲ್ ಜಮೆಗೆ ಶೇ. 6 ಸಾಕು. ₹50 ಲಕ್ಷ ಮಾರಾಟದಲ್ಲಿ ಇದು ₹4 ಲಕ್ಷ ಮತ್ತು ₹3 ಲಕ್ಷಗಳ ಅಂತರವಾಗುತ್ತದೆ.

ಮಕ್ಕಳು ಫೋನನ್ನು ಕೆಳಗಿಡುವುದಿಲ್ಲವೆಂಬ ದೂರು ಪ್ರತಿ ಮನೆಯಲ್ಲಿಯೂ ಇದೆ. ಅಂಗಡಿಯ ಮಟ್ಟಿಗಾದರೂ ಅವರ ಈ ಅಭ್ಯಾಸವನ್ನು ಉಪಯೋಗಕ್ಕೆ ತರಬಹುದು. ಪ್ರತಿ ದಿನ ಬಾಗಿಲು ಹಾಕುವ ಮುನ್ನ ಡಿಜಿಟಲ್ ಜಮೆ ಹಾಗೂ ನಗದನ್ನು ತಾಳೆ ನೋಡಿ ಬರೆದಿಡುವ ಕೆಲಸವನ್ನು ಅವರಿಗೇ ವಹಿಸಿದರೆ, ವರ್ಷಾಂತ್ಯದಲ್ಲಿ ಲೆಕ್ಕ ಪರಿಶೋಧಕರ ಮುಂದಿಡಲು ಸರಿಯಾದ ಪುಸ್ತಕವೊಂದು ಸಿದ್ಧವಾಗಿರುತ್ತದೆ.