ಹಿಟ್ಟು ಹುಳಿಯಾಗುವವರೆಗೆ ಕಾಯುವ ವಾರಾಂತ್ಯ

ಬೆಂಗಳೂರು: ಶನಿವಾರ ಬೆಳಿಗ್ಗೆ ಹಿಟ್ಟು ನಾದಲು ಸಾವಿರಾರು ರೂಪಾಯಿ ಶುಲ್ಕ ತೆತ್ತು ಹೋಗುವವರಿದ್ದಾರೆ ಎಂದರೆ ಹಿಂದಿನ ತಲೆಮಾರಿನ ಗೃಹಿಣಿಯರು ನಕ್ಕುಬಿಟ್ಟಾರು. ಆದರೆ ರಾಜಧಾನಿಯ ಹಲವು ಬಡಾವಣೆಗಳಲ್ಲಿ ಈಗ ನಡೆಯುತ್ತಿರುವುದು ಅದೇ. ಅಂಗಡಿಯ ಯೀಸ್ಟ್ ಬಳಸದೆ ಹುಳಿಹಿಟ್ಟಿನಿಂದಲೇ ಉಬ್ಬಿಸಿ ಬೇಯಿಸುವ ‘ಸಾವರ್‌ಡೋ’ ಬ್ರೆಡ್ಡಿನ ಕಾರ್ಯಾಗಾರಗಳು ವಾರಾಂತ್ಯದ ಸಣ್ಣಪುಟ್ಟ ಸುಖಗಳ ಪಟ್ಟಿಗೆ ಸೇರಿಕೊಂಡಿವೆ.

ಆ ಪಟ್ಟಿ ಈ ಊರಿನಲ್ಲಿ ಮೊದಲಿನಿಂದಲೂ ಉದ್ದವೇ. ಲಾಲ್‌ಬಾಗ್‌ನ ನಸುಕಿನ ನಡಿಗೆ, ಅದು ಮುಗಿದ ಮೇಲೆ ಎಂಟಿಆರ್ ಎದುರು ಸರದಿಗಾಗಿ ಕಾಯುವ ಹೊತ್ತು, ಚರ್ಚ್ ಸ್ಟ್ರೀಟಿನ ಹಳೆಯ ಪುಸ್ತಕಗಳ ಅಂಗಡಿ, 2004ರಲ್ಲಿ ಬಾಗಿಲು ತೆರೆದ ರಂಗಶಂಕರದ ನಾಟಕ. 2023ರಲ್ಲಿ ಆರಂಭವಾದ ‘ಕಬ್ಬನ್ ರೀಡ್ಸ್’ನಲ್ಲಿ ಶನಿವಾರ ಬೆಳಿಗ್ಗೆ ಮರದ ನೆರಳಲ್ಲಿ ಚಾಪೆ ಹಾಸಿ ಸುಮ್ಮನೆ ಓದುತ್ತ ಕೂರುವುದಷ್ಟೇ ಕಾರ್ಯಕ್ರಮ. ಇವುಗಳಲ್ಲಿ ಯಾವುದೂ ಅವಸರಕ್ಕೆ ಒಗ್ಗುವಂಥದ್ದಲ್ಲ. ಸಾವರ್‌ಡೋ ಅಂತೂ ಅವಸರದ ಕಡು ವೈರಿ.

ಎರಡು ದಿನಗಳ ಬಿಡುವು ನಮ್ಮಲ್ಲಿ ತೀರಾ ಹಳೆಯದೇನಲ್ಲ. ಭಾನುವಾರದ ರಜೆಗಾಗಿ ನಾರಾಯಣ ಮೇಘಾಜಿ ಲೋಖಂಡೆ ಅವರ ನೇತೃತ್ವದಲ್ಲಿ ಬೊಂಬಾಯಿಯ ಗಿರಣಿ ಕಾರ್ಮಿಕರು ವರ್ಷಗಟ್ಟಲೆ ಹೋರಾಡಿ ಅದನ್ನು ಪಡೆದದ್ದು 1890ರಲ್ಲಿ. ಕೇಂದ್ರ ಸರ್ಕಾರಿ ಕಚೇರಿಗಳಿಗೆ ಐದು ದಿನಗಳ ವಾರ ಬಂದದ್ದು 1985ರಲ್ಲಿ. ಬ್ಯಾಂಕುಗಳಿಗೆ ಎರಡನೇ ಹಾಗೂ ನಾಲ್ಕನೇ ಶನಿವಾರದ ರಜೆ 2015ರಲ್ಲಿ ದೊರೆಯಿತು. ರಾಜ್ಯ ಸರ್ಕಾರಿ ನೌಕರರಿಗೆ ನಾಲ್ಕನೇ ಶನಿವಾರದ ರಜೆ ಸೇರಿದ್ದು 2019ರಲ್ಲಿ. ಶನಿವಾರ ಹಿಟ್ಟು ಕಲಸಿ ಭಾನುವಾರ ಬೇಯಿಸುವ ತಿನಿಸೊಂದು ನಗರದ ಹವ್ಯಾಸವಾಗಲು ಶನಿವಾರವೂ ಕೈಗೆ ಸಿಗಬೇಕಾಗಿತ್ತು.

ಕಾರ್ಯಾಗಾರದಲ್ಲಿ ಕಲಿಸುವುದಾದರೂ ಏನು? ಸಾಮಗ್ರಿ ಮೂರೇ: ಹಿಟ್ಟು, ನೀರು, ಉಪ್ಪು. ಅರ್ಧ ಕಿಲೋ ಹಿಟ್ಟಿಗೆ ಸುಮಾರು 350 ಗ್ರಾಂ ನೀರು, 10 ಗ್ರಾಂ ಉಪ್ಪು ಹಾಗೂ 100 ಗ್ರಾಂ ‘ಸ್ಟಾರ್ಟರ್’. ಈ ಸ್ಟಾರ್ಟರ್ ಕೂಡ ಹಿಟ್ಟು ಮತ್ತು ನೀರೇ. ಎರಡನ್ನೂ ಸಮತೂಕದಲ್ಲಿ ಕಲಸಿಟ್ಟು, ದಿನವೂ ಒಂದಷ್ಟು ತೆಗೆದು ಹೊಸ ಹಿಟ್ಟು-ನೀರು ಸೇರಿಸುತ್ತ ಒಂದೆರಡು ವಾರ ಸಾಕಿದರೆ ಅದು ಗುಳ್ಳೆಯೆದ್ದು ಉಕ್ಕುವ ಹೆಪ್ಪಾಗುತ್ತದೆ. (ಸೀಸೆಯಲ್ಲಿರುವ ಈ ಹೆಪ್ಪಿಗೆ ಹೆಸರಿಟ್ಟು ಸಾಕುವವರೂ ಇದ್ದಾರೆ!)

ಹೆಪ್ಪು ಬೆರೆಸಿದ ಹಿಟ್ಟನ್ನು ಅರ್ಧ ಗಂಟೆಗೊಮ್ಮೆ ಒದ್ದೆ ಕೈಯಿಂದ ಎಳೆದು ಮಡಚುತ್ತಾರೆ. ನಡುವಿನ ಅವಧಿಯಲ್ಲಿ ಮಾಡಲು ಕೆಲಸವಿಲ್ಲ. ಕಾರ್ಯಾಗಾರದ ನಿಜವಾದ ಸೊಗಸು ಇರುವುದು ಈ ಬಿಡುವಿನಲ್ಲೇ. ಅಪರಿಚಿತರು ಕಾಫಿ ಕುಡಿಯುತ್ತ ಮಾತಿಗಿಳಿಯುತ್ತಾರೆ. ಕೈಗೆ ಹಿಟ್ಟು ಮೆತ್ತಿಕೊಂಡಿರುವುದರಿಂದ ಮೊಬೈಲ್ ಮುಟ್ಟುವಂತಿಲ್ಲ. ಸಂಜೆಗೆ ಉಂಡೆ ಕಟ್ಟಿದ ಹಿಟ್ಟನ್ನು ಬುಟ್ಟಿಯಲ್ಲಿಟ್ಟು ಮನೆಗೆ ಒಯ್ದು, ರಾತ್ರಿಯಿಡೀ ಫ್ರಿಜ್‌ನಲ್ಲಿರಿಸಿ, ಮರುದಿನ ಬೆಳಿಗ್ಗೆ ಬೇಯಿಸುವುದು ಸಾಮಾನ್ಯ ಕ್ರಮ. ಸುಮಾರು 240 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಮುಚ್ಚಳವಿರುವ ದಪ್ಪ ಕಬ್ಬಿಣದ ಪಾತ್ರೆಯಲ್ಲಿ ಮೊದಲ 20 ನಿಮಿಷ ಬೇಯಬೇಕು. ಹಿಟ್ಟಿನದೇ ಹಬೆ ಒಳಗೆ ಉಳಿದು ಮೇಲ್ಪದರ ಬೇಗ ಗಟ್ಟಿಯಾಗುವುದಿಲ್ಲ, ಬ್ರೆಡ್ ಪೂರ್ತಿ ಉಬ್ಬಲು ಅವಕಾಶವಾಗುತ್ತದೆ. ಬಳಿಕ ಮುಚ್ಚಳ ತೆಗೆದರೆ ಹೊಂಬಣ್ಣದ ಗರಿಗರಿ ಹೊರಪದರ ಸಿದ್ಧ.

ಉಬ್ಬಿಸುವ ಕೆಲಸ ಕಣ್ಣಿಗೆ ಕಾಣದ ಜೀವಿಗಳದ್ದು. ಹಿಟ್ಟಿನಲ್ಲೇ ಇರುವ ಕಾಡು ಯೀಸ್ಟ್ ಇಂಗಾಲದ ಡೈ ಆಕ್ಸೈಡ್ ಹೊಮ್ಮಿಸಿದರೆ, ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಹುಳಿ ತರುತ್ತವೆ. ಸ್ಯಾನ್‌ಫ್ರಾನ್ಸಿಸ್ಕೊ ನಗರದ ಪ್ರಸಿದ್ಧ ಹುಳಿ ಬ್ರೆಡ್ಡಿನ ಹಿಂದಿರುವ ಇಂಥ ಜೋಡಿಯನ್ನು ಅಮೆರಿಕದ ವಿಜ್ಞಾನಿಗಳು 1971ರಲ್ಲಿ ವಿವರಿಸಿದರು. ಬ್ಯಾಕ್ಟೀರಿಯಾಕ್ಕೆ ಆ ಊರಿನ ಹೆಸರೇ ಬಂತು. ಆದರೆ ಬೇರೆ ದೇಶಗಳ ಹುಳಿಹಿಟ್ಟುಗಳಲ್ಲೂ ಅದು ಪತ್ತೆಯಾಗಿದೆ.

ವಿದೇಶಿ ಪುಸ್ತಕದ ಗಡಿಯಾರವನ್ನು ಇಲ್ಲಿ ನಂಬಿದವರ ಬ್ರೆಡ್ ಕೆಡುವುದು ಹೆಚ್ಚು. 24 ಡಿಗ್ರಿಯ ಅಡುಗೆಮನೆಗೆ ಬರೆದ ಅವಧಿ ಬೆಂಗಳೂರಿನ ಏಪ್ರಿಲ್‌ಗಾಗಲಿ, ಮಂಗಳೂರಿನ ಯಾವ ತಿಂಗಳಿಗಾಗಲಿ ಹೊಂದದು. ಹಿಟ್ಟು ಬೇಗ ಹುಳಿತು, ಬಿಗಿ ಕಳೆದುಕೊಂಡು, ಒಲೆಯಲ್ಲಿ ಚಪ್ಪಟೆಯಾಗುತ್ತದೆ. ಸೆಕೆಗಾಲದಲ್ಲಿ ಹೆಪ್ಪು ಕಡಿಮೆ ಹಾಕುವುದು, ತಣ್ಣೀರು ಬಳಸುವುದು, ಗಡಿಯಾರ ಬಿಟ್ಟು ಹಿಟ್ಟನ್ನೇ ನೋಡುವುದು ಪರಿಹಾರ.

ಈ ಪಾಠ ಕನ್ನಡಿಗರಿಗೆ ಹೊಸದೇ? ಚಳಿಗಾಲದಲ್ಲಿ ದೋಸೆಹಿಟ್ಟಿನ ಪಾತ್ರೆಗೆ ಬಟ್ಟೆ ಸುತ್ತಿ ಬೆಚ್ಚಗಿಡುವ, ಬೇಸಿಗೆಯಲ್ಲಿ ರಾತ್ರಿ ತಡವಾಗಿ ರುಬ್ಬುವ ಮನೆಗಳಿಗೆ ಇದು ನಿತ್ಯದ ವಿದ್ಯೆ. ವಿಜ್ಞಾನವೂ ಹತ್ತಿರದ್ದೇ. ಬ್ರೆಡ್ಡಿನಲ್ಲಿ ಗೋಧಿಯ ಅಂಟು ಗಾಳಿಯನ್ನು ಹಿಡಿದಿಟ್ಟರೆ, ಇಡ್ಲಿಹಿಟ್ಟಿನಲ್ಲಿ ಉದ್ದಿನ ಲೋಳೆ ಆ ಕೆಲಸ ಮಾಡುತ್ತದೆ. ಅಲ್ಲಿ ಉಬ್ಬಿಸುವುದರಲ್ಲಿ ಬ್ಯಾಕ್ಟೀರಿಯಾಗಳದ್ದೇ ಮುಖ್ಯ ಪಾತ್ರ. ಹತ್ತನೇ ಶತಮಾನದ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ಯ ಹೆಸರಿದೆ. ಆದರೆ ಹಳೆಯ ಉಲ್ಲೇಖಗಳಲ್ಲಿ ಅಕ್ಕಿ ಬೆರೆಸುವ, ಹಿಟ್ಟು ಹುಳಿಯಿಸುವ ವಿವರ ಇಲ್ಲವೆಂದು ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯ ಗುರುತಿಸಿದ್ದಾರೆ.

ಹಾಗಿದ್ದೂ ದೋಸೆಹಿಟ್ಟಿಗೆ ಕಾಯುವುದನ್ನು ಯಾರೂ ವಾರಾಂತ್ಯದ ಸುಖ ಎಂದು ಕರೆಯಲಿಲ್ಲ. ಕಾರಣ ಹಿಟ್ಟಿನಲ್ಲಿಲ್ಲ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ವೇತನವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಪುರುಷರು 88 ನಿಮಿಷ. ನೆನೆಹಾಕಿ, ರುಬ್ಬಿ, ಎರೆಯುವ ಕೈಗೆ ಶನಿವಾರವೂ ಸೋಮವಾರದಂತೆಯೇ. ಭಾನುವಾರ ತಿಂಡಿಯ ಬೇಡಿಕೆ ಇನ್ನಷ್ಟು ಹೆಚ್ಚು. ಬ್ರೆಡ್ ಕೆಟ್ಟರೆ ನಕ್ಕು ಫೋಟೊ ತೆಗೆಯಬಹುದು; ದೋಸೆ ಕೆಟ್ಟರೆ ಮನೆಮಂದಿಯ ತಿಂಡಿಯೇ ತಪ್ಪುತ್ತದೆ. ಬೇಡವೆನಿಸಿದ ದಿನ ಬಿಟ್ಟುಬಿಡುವ ಸ್ವಾತಂತ್ರ್ಯವಿದ್ದರೆ ಮಾತ್ರ ಅದೇ ಹಿಟ್ಟು, ಅದೇ ಕಾಯುವಿಕೆ ಹವ್ಯಾಸವೆನಿಸುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಜಗತ್ತಿನಾದ್ಯಂತ ಮನೆಮನೆಯಲ್ಲಿ ಹುಟ್ಟಿದ ಎಷ್ಟೋ ಸ್ಟಾರ್ಟರ್‌ಗಳು ಕಚೇರಿಗಳು ತೆರೆದೊಡನೆ ಸಿಂಕಿಗೆ ಸೇರಿದ್ದೂ ಇದೇ ಸ್ವಾತಂತ್ರ್ಯದಿಂದ.

ಸಾಕಿಯೇ ತೀರುತ್ತೇವೆ ಎನ್ನುವವರಿಗೆ ದಿನವೂ ಉಣಿಸುವ ಗೋಜು ಬೇಕಿಲ್ಲ. ಫ್ರಿಜ್‌ನಲ್ಲಿಟ್ಟರೆ ವಾರಕ್ಕೊಮ್ಮೆ ಹಿಟ್ಟು-ನೀರು ಸಾಕು. ಬೇಯಿಸುವ ಹಿಂದಿನ ದಿನ ಹೊರಗೆ ತೆಗೆದು ಒಂದೆರಡು ಬಾರಿ ಉಣಿಸಿದರೆ ಮತ್ತೆ ಚುರುಕಾಗುತ್ತದೆ. ಹಾಗೆ ಉಣಿಸುವಾಗ ತೆಗೆದ ಹೆಚ್ಚುವರಿ ಹೆಪ್ಪನ್ನು ಚೆಲ್ಲಬೇಕಾಗಿಲ್ಲ. ಅಕ್ಕಿಹಿಟ್ಟು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಒಂದಿಷ್ಟು ಉಪ್ಪು ಬೆರೆಸಿ ತೆಳ್ಳಗೆ ಮಾಡಿ ಕಾದ ಕಾವಲಿಗೆ ಎರೆದರೆ ಒಳ್ಳೆಯ ದೋಸೆಯೇ ಏಳುತ್ತದೆ. ಇದಕ್ಕೆ ಕಾರ್ಯಾಗಾರ ಬೇಕಿಲ್ಲ, ಮನೆಯಲ್ಲಿ ಯಾರು ಬೇಕಾದರೂ ಎರೆಯಬಹುದು.