ಕೇರೆಗೆ ಎಷ್ಟು ದೊಡ್ಡ ಮನೆ ಬೇಕು?

ಮಳೆಗಾಲ ಮುಗಿಯುತ್ತಿದ್ದ ಒಂದು ದಿನ ಸಿದ್ದಾಪುರದ ಕಡೆಯ ವಿದ್ಯಾರ್ಥಿಯೊಬ್ಬನು ಗಾಜಿನ ಭರಣಿಯೊಂದನ್ನು ತಂದು ನನ್ನ ಮೇಜಿನ ಮೇಲಿರಿಸಿದನು. ಒಳಗೆ ಒಂದಡಿಗಿಂತ ತುಸು ಉದ್ದದ ಕೇರೆಮರಿ! “ಸರ್, ಅಮೆರಿಕದಲ್ಲಿ ಕಾರ್ನ್ ಹಾವನ್ನು ಮನೆಯಲ್ಲಿಯೇ ಸಾಕುತ್ತಾರಂತೆ. ಇದಕ್ಕೂ ವಿಷವಿಲ್ಲವಷ್ಟೆ. ಎರಡಡಿಯ ಪೆಟ್ಟಿಗೆ ಸಾಲದೆ?” ಎಂದು ಕೇಳಿದನು.

ಪ್ರಶ್ನೆ ಪ್ರಾಣಿಶಾಸ್ತ್ರದ್ದು, ಆದರೆ ಉತ್ತರದ ಅರ್ಧಭಾಗ ಭೌತಶಾಸ್ತ್ರದಲ್ಲಿಯೇ ಉಂಟು.

ಕಾರ್ನ್ ಹಾವು ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದ್ದು. ಮೊಟ್ಟೆಯೊಡೆದು ಬಂದಾಗ ಸುಮಾರು ಒಂದಡಿ; ತೂಕ ಆರೇಳು ಗ್ರಾಂ. ಬೆಳೆದಾಗ ಉದ್ದವು ಸಾಮಾನ್ಯವಾಗಿ ಮೂರರಿಂದ ಐದು ಅಡಿ. ನಾಲ್ಕಡಿಯದನ್ನೇ ತೆಗೆದುಕೊಳ್ಳೋಣ. ಆಕಾರ ಬದಲಾಗದೆ ಉದ್ದವು ನಾಲ್ಕು ಪಟ್ಟಾದರೆ ಮೈಯ ಹೊರಮೈ 16 ಪಟ್ಟು, ತೂಕ 64 ಪಟ್ಟು ಆಗುವುದು. ಎಂದರೆ ಸುಮಾರು 400 ಗ್ರಾಂ. ಶಾಖ ಒಳಹೊಗುವುದು ಹೊರಮೈಯ ಮೂಲಕ. ಕಾಯಬೇಕಾದುದು ಇಡೀ ದೇಹ. ಆದುದರಿಂದ ಮರಿಗಿಂತ ದೊಡ್ಡ ಹಾವು ಬಿಸಿಯಾಗಲು ಸುಮಾರು ನಾಲ್ಕು ಪಟ್ಟು ಹೊತ್ತು ಹಿಡಿಯುತ್ತದೆ.

ಇದು ಬರಿಯ ಲೆಕ್ಕವಲ್ಲ. ಹಾವು ತನ್ನ ಮೈಯ ಶಾಖವನ್ನು ನಮ್ಮಂತೆ ಒಳಗೇ ಉತ್ಪಾದಿಸಿಕೊಳ್ಳಲಾರದು. ಇಲಿಯನ್ನು ನುಂಗಿದ ಮೇಲೆ ಬೆಚ್ಚನೆಯ ತಾಣ ಸಿಗದಿದ್ದರೆ ಜೀರ್ಣಕ್ರಿಯೆ ಕುಂಠಿತವಾಗಿ, ನುಂಗಿದುದನ್ನು ಕಾರಿಬಿಡುವುದೂ ಉಂಟು. ಬಿಸಿ ಹೆಚ್ಚಾದರೆ ಪ್ರಾಣಕ್ಕೇ ಅಪಾಯ. ಆದಕಾರಣ ಅಲ್ಲಿನ ಸಾಕಣೆಗಾರರು ಪೆಟ್ಟಿಗೆಯ ಒಂದು ತುದಿಯನ್ನು ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿಯೂ ಇನ್ನೊಂದನ್ನು 24ರ ಆಸುಪಾಸಿನಲ್ಲಿಯೂ ಇರಿಸಿ, ಎರಡೂ ಕಡೆ ಅಡಗುದಾಣ ಒದಗಿಸುತ್ತಾರೆ. ಹಾವಿಗೆ ಬೇಕಾದುದು ಬರಿಯ ಜಾಗವಲ್ಲ, ಶಾಖದ ವ್ಯತ್ಯಾಸ. ಭರಣಿಯಲ್ಲಿ ಎರಡು ತುದಿಗಳೆಲ್ಲಿಯವು?

ಮೈ ಚಾಚಲೂ ಸ್ಥಳ ಬೇಕಷ್ಟೆ. ಎರಡಡಿ ಉದ್ದ, ಒಂದಡಿ ಅಗಲದ ಪೆಟ್ಟಿಗೆಯ ಕರ್ಣ 2.2 ಅಡಿ ಮಾತ್ರ. ನಾಲ್ಕಡಿಗೆ ಎರಡಡಿಯಾದರೆ ಸುಮಾರು 4.5 ಅಡಿ, ನಾಲ್ಕಡಿಯ ಕಾರ್ನ್ ಹಾವಿಗೆ ಇದು ಹೇಗೋ ಸಾಕು.

ನಮ್ಮ ಕೇರೆಯಾದರೋ ಆರೇಳು ಅಡಿ ಬೆಳೆಯುವುದು ಸಾಮಾನ್ಯ. ಏಳಡಿಯದಕ್ಕೆ ಆರಕ್ಕೆ ನಾಲ್ಕಡಿಯ ಪೆಟ್ಟಿಗೆ, ಎಂದರೆ ಒಂದು ಮಂಚದಷ್ಟು ಜಾಗ, ಮೈ ಚಾಚಲಷ್ಟೇ ಆಯಿತು. ಆದರೆ ಅದು ಹಗಲೆಲ್ಲ ಸಂಚರಿಸಿ ಬೇಟೆಯಾಡುವ ಜೀವಿ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಿಕೆತೋಟಗಳಲ್ಲಿ ಅದರ ಮನೆಯ ವಿಸ್ತಾರವನ್ನು ಕಾಣಬಹುದು. ಬೆಳಗಿನ ಎಳೆಬಿಸಿಲಿಗೆ ತೋಟದ ಅಂಚು, ನಡುಹಗಲಿಗೆ ದರಕಿನ ತಂಪು, ಕಪ್ಪೆಗೆ ಬಸಿಗಾಲುವೆ, ಇಲಿಗೆ ಕೊಟ್ಟಿಗೆಯ ಹುಲ್ಲುಬಣವೆ! ಯಾವ ಬಡಗಿ ಇದನ್ನು ಮಾಡಿಕೊಟ್ಟಾನು?

ಇನ್ನೂ ಎರಡು ಮಾತುಗಳನ್ನು ಅವನಿಗೆ ಹೇಳಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಕೇರೆಯನ್ನು ಹಿಡಿದು ಸಾಕುವುದು ಅಪರಾಧ. 2022ರ ತಿದ್ದುಪಡಿಯು ಅದನ್ನು ಮೊದಲನೆಯ ಅನುಸೂಚಿಗೇ ಸೇರಿಸಿತು. ಎರಡನೆಯದಾಗಿ, ಕೇರೆಯೆಂದು ಕೈಯಿಕ್ಕಿದ ಮರಿ ನಾಗರದ್ದಾಗಿದ್ದರೆ? ನಾಗರದ ಮರಿಗೆ ಹುಟ್ಟಿದಂದೇ ವಿಷವಿರುತ್ತದೆ. ಈ ಮಾತಿಗೆ ಅವನ ಮುಖ ಕಳೆಗುಂದಿತು.

ಅಂದು ಸಂಜೆಯೇ ಅವನು ಮರಿಯನ್ನು ಸಿಕ್ಕಿದ ಜಾಗದಲ್ಲಿಯೇ ಬಿಟ್ಟನಂತೆ. ದರಕಿನೊಳಗೆ ತಲೆ ನುಸುಳಿದ್ದು ಕಂಡಿತು, ಬಾಲ ಎತ್ತ ಹೋಯಿತೋ ತಿಳಿಯಲಿಲ್ಲವೆಂದು ಮರುದಿನ ಹೇಳಿದನು.