ಪದವಿ ಕೈಗೆ ಬಂತು, ಪರವಾನಗಿ?

‘ಎಂ.ಎಸ್ಸಿ. ಕೌನ್ಸೆಲಿಂಗ್ ಸೈಕಾಲಜಿ ಮುಗಿಸಿದರೆ ಮಗಳು ಸ್ವಂತ ಕ್ಲಿನಿಕ್ ಇಡಬಹುದಾ?’ ಪ್ರವೇಶದ ದಿನಗಳಲ್ಲಿ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಇದು. ಉತ್ತರವೂ ಸಿದ್ಧವಾಗಿಯೇ ಇರುತ್ತದೆ: ನಮ್ಮದು ಯುಜಿಸಿ ಮಾನ್ಯತೆ ಪಡೆದ ವಿಶ್ವವಿದ್ಯಾಲಯ, ನ್ಯಾಕ್‌ನಲ್ಲಿ ಒಳ್ಳೆಯ ಗ್ರೇಡ್ ಇದೆ. ಎರಡೂ ನಿಜವಿರಬಹುದು. ಆದರೆ ಕೇಳಿದ್ದಕ್ಕೆ ಅದು ಉತ್ತರವಲ್ಲ. ಸಂಸ್ಥೆ ಪದವಿ ಕೊಡಬಹುದೇ ಎಂಬುದು ಯುಜಿಸಿಯ ವಿಷಯ. ನ್ಯಾಕ್ ಕೊಡುವ ಗ್ರೇಡ್ ಇಡೀ ಸಂಸ್ಥೆಯದ್ದು, ಒಂದು ಕೋರ್ಸಿನದ್ದಲ್ಲ. ಓದಿ ಹೊರಬಂದವರು ನೊಂದ ಜೀವವೊಂದರ ಎದುರು ಕೂತು ಮಾತಾಡಲು ತಯಾರಾಗಿದ್ದಾರೆಯೇ ಎಂಬುದನ್ನು ಇವೆರಡೂ ಹೇಳುವುದಿಲ್ಲ.

ಮನಶ್ಶಾಸ್ತ್ರ ಓದಿದವರ ಪೈಕಿ ನಮ್ಮಲ್ಲಿ ಬಹುಕಾಲದಿಂದ ಕಾನೂನಿನ ಚೌಕಟ್ಟು ಇರುವುದು ಕ್ಲಿನಿಕಲ್ ಸೈಕಾಲಜಿಸ್ಟ್‌ಗಳಿಗೆ. 1992ರ ಕಾಯ್ದೆಯಡಿ ಬಂದ ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಎಲ್ಲರೂ ಆರ್‌ಸಿಐ ಎನ್ನುವ ಸಂಸ್ಥೆ, ಕೋರ್ಸಿಗೆ ಒಪ್ಪಿಗೆ ಕೊಡುತ್ತದೆ, ಓದಿದವರ ಹೆಸರನ್ನು ಕೇಂದ್ರ ರಿಜಿಸ್ಟರ್‌ನಲ್ಲಿ ದಾಖಲಿಸುತ್ತದೆ. ಇಷ್ಟು ಕಾಲ ಇದರ ಮುಖ್ಯ ದಾರಿ ಎಂದರೆ ಎಂ.ಎ. ಅಥವಾ ಎಂ.ಎಸ್ಸಿ. ಆದ ಮೇಲೆ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ವಾರ್ಡು, ಹೊರರೋಗಿ ವಿಭಾಗಗಳಲ್ಲೇ ನಡೆಯುವ ಓದು ಇದು. ಸೀಟು ಬೆರಳೆಣಿಕೆಯಷ್ಟು. ನೋಂದಣಿ ಇಲ್ಲದೆ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೂ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರೆಂದು ಹೇಳುವಾಗ ಮೇಲ್ವಿಚಾರಣೆಯಲ್ಲಿ ಪಡೆದ ತರಬೇತಿಯನ್ನೂ ಸೇರಿಸಿಕೊಂಡೇ ಹೇಳುತ್ತದೆ.

ಕೌನ್ಸೆಲಿಂಗ್ ಎಂ.ಎಸ್ಸಿ. ಓದಿದವರಿಗೆ ಇಂಥದ್ದೇನೂ ಇರಲಿಲ್ಲ. ಹಾಗೆಂದು ಈ ಓದು ನಮಗೆ ಹೊಸದೇನಲ್ಲ: ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಶುರುವಾದದ್ದು 1924ರಲ್ಲಿ, ಕಲ್ಕತ್ತೆಯ ನಂತರ ಎಂಟೇ ವರ್ಷಕ್ಕೆ. ನೂರು ವರ್ಷದ ಓದಿನ ಪರಂಪರೆ ಇರುವ ನಾಡಿನಲ್ಲಿ, ಎರಡು ವರ್ಷ ಕಷ್ಟಪಟ್ಟು ಓದಿದವಳೂ ವಾರಾಂತ್ಯದ ಸರ್ಟಿಫಿಕೇಟ್ ಕೋರ್ಸ್ ಮಾಡಿದವರೂ ಅಕ್ಕಪಕ್ಕದ ಬಾಗಿಲಲ್ಲಿ ‘ಆಪ್ತಸಮಾಲೋಚಕರು’ ಎಂದು ಬೋರ್ಡ್ ಹಾಕಬಹುದು. ಯಾರ ಬಾಗಿಲು ತಟ್ಟಬೇಕೆಂದು ರೋಗಿಗೆ ತಿಳಿಯುವುದು ಹೇಗೆ?

ಅಂಕಪಟ್ಟಿಯಲ್ಲಿ ಕಾಣದ ಒಂದು ಸಂಗತಿ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಆ ಕಸುಬಿನವರು ಅದನ್ನು ‘ಸೂಪರ್‌ವಿಷನ್’ ಎನ್ನುತ್ತಾರೆ. ಕಲಿಯುತ್ತಿರುವ ಹುಡುಗಿ ಒಬ್ಬರೊಡನೆ ಐವತ್ತು ನಿಮಿಷ ಮಾತಾಡಿ ಬಂದಿದ್ದಾಳೆ ಎನ್ನಿ. ನಡೆದದ್ದನ್ನೆಲ್ಲ ಬರೆದು ತಂದು ಹಿರಿಯರ ಮುಂದೆ ಇಡುತ್ತಾಳೆ. ಅವರು ಒಂದೊಂದು ಸಾಲಿಗೂ ಬೆರಳಿಡುತ್ತಾರೆ. ‘ಆಕೆ ಅಳುತ್ತಿದ್ದಾಗ ನೀನು ಗಂಡನ ಕೆಲಸದ ಬಗ್ಗೆ ಯಾಕೆ ಕೇಳಿದೆ? ಅಳು ನೋಡೋಕೆ ನಿನಗೇ ಕಷ್ಟ ಆಯ್ತಾ?’ ‘ಬದುಕು ಸಾಕಾಗಿದೆ ಅಂದಾಗ ಮುಂದಿನ ಪ್ರಶ್ನೆ ಕೇಳಲಿಲ್ಲವಲ್ಲ, ಸಾಯುವ ಯೋಚನೆ ಇದೆಯಾ ಅಂತ ನೇರವಾಗಿ ಕೇಳಬೇಕಿತ್ತು.’ ತಾನು ತಪ್ಪಿದ ಜಾಗ ಅವಳಿಗೆ ಕಾಣುವುದು ಆಗಲೇ. ಯಾವ ಪಠ್ಯಪುಸ್ತಕವೂ ಇದನ್ನು ಕಲಿಸಲಾರದು. ಈ ತರಬೇತಿಯಿಲ್ಲದೆ ಕೊಡುವ ಕೌನ್ಸೆಲಿಂಗ್ ಪದವಿ ಅರ್ಧ ಪದವಿ ಎಂದು ನಾನು ಖಚಿತವಾಗಿ ನಂಬಿದ್ದೇನೆ.

ಅಮೆರಿಕ ಇಂಥ ಮೇಲ್ವಿಚಾರಣೆಯ ಗಂಟೆಗಳನ್ನು ಲೆಕ್ಕ ಹಾಕಿಯೇ ಪರವಾನಗಿ ಕೊಡುತ್ತದೆ. 1976ರಲ್ಲಿ ವರ್ಜೀನಿಯಾದಿಂದ ಶುರುವಾದ ಕೌನ್ಸೆಲರ್ ಪರವಾನಗಿ ಕಾನೂನು ಕೊನೆಯದಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದದ್ದು 2009ರಲ್ಲಿ. ಕೋರ್ಸುಗಳನ್ನು ಪರಿಶೀಲಿಸಲು 1981ರಲ್ಲಿ ಹುಟ್ಟಿದ ‘ಕೇಕ್ರೆಪ್’ ಎಂಬ ಮಂಡಳಿ ಇದೆ. ಅದರ ಮಾನ್ಯತೆ ಬೇಕಾದರೆ ಓದುವಾಗಲೇ 100 ಗಂಟೆಯ ಪ್ರಾಕ್ಟಿಕಮ್, 600 ಗಂಟೆಯ ಇಂಟರ್ನ್‌ಶಿಪ್ ಇರಬೇಕು. ಪದವಿ ಬಂದ ಮೇಲೂ ಮುಗಿಯಲಿಲ್ಲ: ಕ್ಯಾಲಿಫೋರ್ನಿಯಾದಲ್ಲಿ ಇನ್ನೂ 3,000 ಗಂಟೆ ಹಿರಿಯರ ಕೈಕೆಳಗೆ ದುಡಿಯಬೇಕು, ಪರೀಕ್ಷೆಯನ್ನೂ ಗೆಲ್ಲಬೇಕು. ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಮದುವೆಯಾಗಿ ಅಲ್ಲಿಗೆ ಹೋಗುವ ನಮ್ಮ ಹೆಣ್ಣುಮಕ್ಕಳಲ್ಲಿ ಇಲ್ಲಿಯ ಎಂ.ಎಸ್ಸಿ. ಹಿಡಿದು ಹೋದವರು, ತಾವಿರುವ ರಾಜ್ಯದ ಮಂಡಳಿ ಏನನ್ನು ಒಪ್ಪುತ್ತದೆ ಎಂದು ಮೊದಲು ನೋಡಿಕೊಂಡೇ ಹೊಸ ಕೋರ್ಸಿಗೆ ಡಾಲರ್ ಸುರಿಯುವುದು ಒಳ್ಳೆಯದು. ಬೆಂಗಳೂರಿನಲ್ಲಿ ಕೂತು ವಿಡಿಯೊ ಕರೆಯಲ್ಲಿ ಡಲ್ಲಾಸ್‌ನವರಿಗೆ ಸಮಾಲೋಚನೆ ಕೊಡುವವರೂ ತಿಳಿದಿರಬೇಕು: ಅಲ್ಲಿ ಕಾನೂನು ನೋಡುವುದು ಸಲಹೆ ಪಡೆಯುವವರು ಎಲ್ಲಿ ಕೂತಿದ್ದಾರೆ ಎಂಬುದನ್ನು.

ನಮ್ಮಲ್ಲೂ ಗಾಳಿ ತಿರುಗಿದೆ. 2021ರ ಸಹಾಯಕ ಮತ್ತು ಆರೋಗ್ಯಸೇವಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ, ಆರ್‌ಸಿಐ ವ್ಯಾಪ್ತಿಗೆ ಬಾರದ ಸೈಕಾಲಜಿಸ್ಟ್‌ಗಳನ್ನೂ ಆರೋಗ್ಯ ಕ್ಷೇತ್ರದ ಹಲವು ಬಗೆಯ ಕೌನ್ಸೆಲರ್‌ಗಳನ್ನೂ ತನ್ನ ಪಟ್ಟಿಗೆ ತಂದಿತು. ರಾಜ್ಯ ಪರಿಷತ್ತುಗಳು ಇವರ ರಿಜಿಸ್ಟರ್ ಇಡಬೇಕು. ಇದೇ ಕಾಯ್ದೆಯ ಬೆನ್ನಿಗೆ, 2025ರ ಜುಲೈ-ಆಗಸ್ಟ್ ಪ್ರವೇಶದಿಂದ ಮನಶ್ಶಾಸ್ತ್ರವನ್ನು ಅಂಚೆ ತೆರಪಿನಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕಲಿಸಕೂಡದೆಂದು ಯುಜಿಸಿ ಆದೇಶಿಸಿತು. ಕೆಲಸ ಮಾಡುತ್ತಲೇ ಓದುತ್ತಿದ್ದ ಶಿಕ್ಷಕಿಯರಿಗೆ, ದೂರದ ತಾಲ್ಲೂಕಿನವರಿಗೆ ಇದು ದೊಡ್ಡ ಪೆಟ್ಟು. ಆದರೂ ಆದೇಶದ ಹಿಂದಿನ ಕಾಳಜಿ ಸರಿ ಎಂದೇ ನನ್ನ ಅಭಿಪ್ರಾಯ. ಅತ್ತ ಎಂ.ಫಿಲ್ ಎಂಬ ಪದವಿಯೇ ಮುಗಿಯುತ್ತಿದೆ. ಕ್ಲಿನಿಕಲ್ ಸೈಕಾಲಜಿಗೆ ಯುಜಿಸಿ 2025-26ರವರೆಗೆ ಮಾತ್ರ ವಿನಾಯಿತಿ ಕೊಟ್ಟಿತ್ತು. ಹಾಗಾಗಿ ಈಗ ಬಿ.ಎ. ಓದುತ್ತಿರುವವರು ಅಕ್ಕಂದಿರ ದಾರಿಯನ್ನೇ ಹಿಡಿಯಲಾಗದು.

ಇಷ್ಟು ಬಿಗಿ ಮಾಡಿದರೆ ಸೇವಾಮನೋಭಾವದ ಸಾಮಾನ್ಯರು ದೂರ ಸರಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಜನರಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅವರಂಥವರು ಕನ್ನಡದಲ್ಲಿ ಬರೆದು, ‘ಸಮಾಧಾನ’ ಕೇಂದ್ರದ ಮೂಲಕ ಉಚಿತವಾಗಿ ಸಾಂತ್ವನ ಕೊಟ್ಟು ಮಾಡಿದ ಕೆಲಸ ಯಾವ ಪರವಾನಗಿಗೂ ಕಡಿಮೆಯಲ್ಲ. ಆದರೆ ಮನೋವೈದ್ಯರೊಬ್ಬರ ಕಣ್ಣಳತೆಯಲ್ಲಿ ನೆರವಾಗುವುದು ಬೇರೆ, ಯಾರಿಗೂ ಉತ್ತರ ಹೇಳಬೇಕಿಲ್ಲದೆ ಶುಲ್ಕ ಪಡೆದು ಕೂರುವುದು ಬೇರೆ.

ಆದ್ದರಿಂದ ಫೀಸು ಕಟ್ಟುವ ಮುನ್ನ ಕೇಳಿ: ವಿದ್ಯಾರ್ಥಿ ಎಷ್ಟು ಗಂಟೆ ನಿಜವಾದ ಜನರೊಡನೆ ಕೂರುತ್ತಾನೆ? ಯಾವ ಆಸ್ಪತ್ರೆಯಲ್ಲಿ? ನೋಡಿಕೊಳ್ಳುವವರ ನೋಂದಣಿ ಸಂಖ್ಯೆ ಏನು? ಗಂಟೆಗಳ ದಾಖಲೆಗೆ ಸಹಿ ಯಾರದು? ಆರ್‌ಸಿಐ ಒಪ್ಪಿಗೆ ಇದೆ ಎಂದರೆ ಅದು ಈ ಕೋರ್ಸಿಗೋ, ಪಕ್ಕದ ಕೋರ್ಸಿಗೋ, ಈ ವರ್ಷಕ್ಕೂ ಉಂಟೋ ಎಂದು ಮಂಡಳಿಯ ಪಟ್ಟಿಯಲ್ಲೇ ನೋಡಿ. ಲಾಗ್‌ಬುಕ್ಕನ್ನು ಅಂಕಪಟ್ಟಿಯಷ್ಟೇ ಜೋಪಾನ ಮಾಡಿ. ಇಲ್ಲಾಗಲಿ ವಿದೇಶದಲ್ಲಾಗಲಿ ಮುಂದೆ ನೋಂದಣಿಗೆ ಹೋದಾಗ ತೋರಿಸಲು ಇರುವುದು ಅದೇ.

ಸರ್ಕಾರ ಮಾಡಬೇಕಾದ್ದೂ ಇದೆ. ಮಾನಸಿಕ ಆರೋಗ್ಯವನ್ನು ಜಿಲ್ಲಾ ಮಟ್ಟಕ್ಕೆ ಒಯ್ಯುವ ಪ್ರಯೋಗವನ್ನು ನಿಮ್ಹಾನ್ಸ್ ಬಳ್ಳಾರಿಯಲ್ಲಿ ಶುರು ಮಾಡಿದ್ದು 1985ರಲ್ಲಿ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆ ಕಾರ್ಯಕ್ರಮದ ತಂಡಗಳ ಜೊತೆ ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳನ್ನು ಪ್ರತಿ ವಾರ ಕೂರಿಸಲು ಹೊಸ ಕಟ್ಟಡವೇನೂ ಬೇಕಿಲ್ಲ. ಬೇಕಿರುವುದು ವಿಶ್ವವಿದ್ಯಾಲಯ ಮತ್ತು ಆರೋಗ್ಯ ಇಲಾಖೆಯ ನಡುವೆ ಒಂದು ಒಪ್ಪಂದ, ಮತ್ತು ಮೇಲ್ವಿಚಾರಕರಿಗೆ ಸಂಬಳ. ಹಾಗಾದರೆ ರಾಯಚೂರಿನ ಹುಡುಗಿ ಬೆಂಗಳೂರಿನ ಬಾಡಿಗೆ ಕಟ್ಟದೆಯೇ, ತನ್ನ ಊರಿನವರ ಕನ್ನಡದಲ್ಲೇ ಈ ತರಬೇತಿಯ ಗಂಟೆಗಳನ್ನು ಮುಗಿಸಬಹುದು.